ಬೀಳುವ ಕಸಕ್ಕಿಂತ ಬೀಳದ ಕಸದ ಚಿಂತೆಯೇ ಜಾಸ್ತಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಭೂಮಿ ಸುತ್ತ ಸುತ್ತುತ್ತಿರುವ ರಾಕೆಟ್, ಉಪಗ್ರಹಗಳ ಕಸದ ಬಗ್ಗೆ ತರಗತಿಯಲ್ಲಿ ಮಾತು ಬಂತು. ಒಬ್ಬಳು ಹುಡುಗಿ, "ಸಾರ್, ದೊಡ್ಡ ಆಯಸ್ಕಾಂತ ಕಳಿಸಿ ಎಲ್ಲ ಎಳ್ಕೊಳ್ಳಬಹುದಲ್ವಾ?" ಅಂದಳು. ಇನ್ನೊಬ್ಬ, "ಮೀನು ಹಿಡಿಯೋ ಹಾಗೆ ಬಲೆ ಹಾಕಿದ್ರಾಯ್ತು" ಅಂದ. ಮತ್ತೊಬ್ಬನಿಗೆ ಅದು ನಮ್ಮ ತಲೆ ಮೇಲೆ ಬೀಳುತ್ತಾ ಅನ್ನುವ ಭಯ. ಯಾವುದಕ್ಕೂ ಸರಿಯಾಗಿ ಬಿಡಿಸಿ ಹೇಳಲು ನನಗೆ ಆಗಲಿಲ್ಲ. ನಮ್ಮ ದೇಶ ಈ ವಿಷಯದಲ್ಲಿ ಏನು ಮಾಡುತ್ತಿದೆ ಅಂತಲೂ ತಿಳಿಸಿ.

ಉತ್ತರ: ಮೇಷ್ಟ್ರೇ, ಮೂರು ಮಕ್ಕಳೂ ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ್ದಾರೆ. ಹೆದರಿದ ಹುಡುಗನಿಂದ ಶುರು ಮಾಡುತ್ತೇನೆ. ಅವನಿಗೆ ಉತ್ತರ ಸಿಕ್ಕರೆ ಉಳಿದಿಬ್ಬರ ಪ್ರಶ್ನೆಗೂ ದಾರಿ ತೆರೆಯುತ್ತದೆ.

ಬೀಳುತ್ತಾ? ಹೌದು, ಬೀಳುತ್ತದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಜನ ಆಕಾಶದಲ್ಲಿ ಬೆಂಕಿಯ ಗೆರೆಗಳನ್ನು ಕಂಡರು. ಉಲ್ಕೆ ಇರಬೇಕು ಅಂದುಕೊಂಡರು. ಆಮೇಲೆ ನೋಡಿದರೆ ಸಿಂದೇವಾಹಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಂಡಿ ಚಕ್ರಕ್ಕಿಂತ ದೊಡ್ಡದಾದ ಲೋಹದ ಬಳೆ ಬಿದ್ದಿತ್ತು. ಅದು ಚೀನಾದ ಹಳೇ ರಾಕೆಟ್ಟಿನ ಭಾಗ ಎಂದು ಬಲ್ಲವರು ಗುರುತಿಸಿದರು. 2024ರ ಮಾರ್ಚಿನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಂದು ಮನೆಯ ಚಾವಣಿ ತೂತಾಯಿತು. ತೂತು ಮಾಡಿದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬಿಸಾಡಿದ ಹಳೇ ಬ್ಯಾಟರಿ ಸಾಮಾನಿನ ಒಂದು ತುಂಡು. ತೂಕ ಮುಕ್ಕಾಲು ಕೆ.ಜಿ.ಯಷ್ಟೂ ಇರಲಿಲ್ಲ. ಮನೆಯವರಿಗೆ ಏನೂ ಆಗಲಿಲ್ಲ ಅನ್ನುವುದು ಸಮಾಧಾನ.

ಆ ಹುಡುಗನಿಗೆ ಧೈರ್ಯ ಹೇಳಿ. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಇಷ್ಟು ವರ್ಷಗಳಲ್ಲಿ ಸಾವಿರಾರು ಟನ್ ಸಾಮಾನು ಕೆಳಗೆ ಬಂದಿದೆ. ಅದರಲ್ಲಿ ಬಹುಪಾಲು ಗಾಳಿಗೆ ಉಜ್ಜಿ ಉರಿದುಹೋಗುತ್ತದೆ. ಉಳಿದದ್ದು ಹೆಚ್ಚಾಗಿ ಸಮುದ್ರಕ್ಕೆ ಬೀಳುತ್ತದೆ, ಯಾಕಂದ್ರೆ ಭೂಮಿಯ ಮುಕ್ಕಾಲು ಭಾಗ ನೀರೇ ಅಲ್ವಾ. ಒಂದು ಮಾತು ಮಾತ್ರ ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿ. ಹೊಲದಲ್ಲೋ ಕೆರೆ ದಂಡೆಯಲ್ಲೋ ಸುಟ್ಟ ಲೋಹದ ಗೋಳ, ಸಿಲಿಂಡರಿನಂಥ ವಸ್ತು ಕಂಡರೆ ಮುಟ್ಟಬಾರದು. ರಾಕೆಟ್ ಇಂಧನಗಳಲ್ಲಿ ಕೆಲವು ಕಡು ವಿಷ. ದೂರ ನಿಂತು ಪೊಲೀಸರಿಗೆ ತಿಳಿಸಬೇಕು.

ಈಗ ಅಸಲು ವಿಷಯ. ಕೆಳಗೆ ಬೀಳುವ ಕಸ ತನ್ನ ಪಾಡಿಗೆ ತಾನು ತೊಲಗುವ ಕಸ. ನಮಗೆ ತಲೆನೋವು ತಂದಿರುವುದು ಬೀಳದೇ ಇರುವ ಕಸ.

ನಾನು ಕಾಲೇಜಿನಲ್ಲಿ ಕಕ್ಷೆಗಳ ಪಾಠ ಮಾಡುವಾಗ ಇದನ್ನು ಮನೆಗುಡಿಸುವ ಲೆಕ್ಕದಲ್ಲಿ ಹೇಳುತ್ತೇನೆ. ಬಾಹ್ಯಾಕಾಶದಲ್ಲಿ ಪೊರಕೆ ಅಂತ ಇರುವುದು ಗಾಳಿ ಒಂದೇ. 400 ಕಿ.ಮೀ. ಎತ್ತರದಲ್ಲೂ ಗಾಳಿಯ ಚೂರುಪಾರು ಇರುತ್ತದೆ. ಅದು ಉಪಗ್ರಹವನ್ನು ದಿನಾ ಸ್ವಲ್ಪ ಸ್ವಲ್ಪ ತಡೆಯುತ್ತದೆ. ವೇಗ ತಗ್ಗಿದ ಹಾಗೆ ಅದು ಕೆಳಗಿಳಿಯುತ್ತದೆ, ಇಳಿದಷ್ಟೂ ಗಾಳಿ ದಟ್ಟ, ಕೊನೆಗೆ ಉರಿದು ಮುಗಿಯುತ್ತದೆ. ಅಲ್ಲಿ ಬಿಟ್ಟ ಕಸ ತಿಂಗಳುಗಳಲ್ಲೋ ಒಂದೆರಡು ವರ್ಷದಲ್ಲೋ ಹೋಗುತ್ತದೆ. 800 ಕಿ.ಮೀ.ಗೆ ಹೋದರೆ ಪೊರಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿ ಬಿಟ್ಟದ್ದು ನೂರು ವರ್ಷ ದಾಟಿದರೂ ಅಲ್ಲೇ ಇರುತ್ತದೆ. ಅದಕ್ಕೂ ಮೇಲೆ ಸಾವಿರ ವರ್ಷದ ಮಾತು. 1958ರ ಮಾರ್ಚಿನಲ್ಲಿ ಅಮೆರಿಕ ಕಳಿಸಿದ ವ್ಯಾನ್‌ಗಾರ್ಡ್ 1 ಅನ್ನುವ ಪುಟ್ಟ ಉಪಗ್ರಹ ಒಂದೂವರೆ ಕೆ.ಜಿ.ಯಷ್ಟೂ ಇಲ್ಲ. ಅದರ ರೇಡಿಯೋ ನಿಂತು ಆರು ದಶಕಗಳೇ ಆದವು. ಇವತ್ತಿಗೂ ಸುತ್ತುತ್ತಲೇ ಇದೆ.

ನಿಮ್ಮ ಹಾಸನದಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ, ಅವರು ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಕೆಳಗೆ ಇಳಿಸುವುದು ಆಗದ ಮಾತು. ಆಯಸ್ಸು ಮುಗಿಯುವ ಮುಂಚೆ ಕೊನೆಯ ಇಂಧನ ಬಳಸಿ ಇನ್ನೂ ಇನ್ನೂರು ಮುನ್ನೂರು ಕಿ.ಮೀ. ಮೇಲಕ್ಕೆ ತಳ್ಳಿಬಿಡುತ್ತಾರೆ. ದಾರಿಯ ಮಧ್ಯೆ ಕೆಟ್ಟು ನಿಂತ ಲಾರಿಯನ್ನು ಪಕ್ಕಕ್ಕೆ ಸರಿಸಿದ ಹಾಗೆ. ಇಕ್ಕಟ್ಟು ಇರುವುದು ಕೆಳಗೆ, 700ರಿಂದ 1,000 ಕಿ.ಮೀ. ನಡುವೆ. ಹವಾಮಾನ, ಭೂಪಟ, ಬೇಹು ಎಲ್ಲಕ್ಕೂ ಅನುಕೂಲವಾದ ಎತ್ತರ ಅದು. ಹಾಗಾಗಿ ದಶಕಗಳ ಕಾಲ ಎಲ್ಲ ದೇಶಗಳೂ ಅಲ್ಲೇ ತುಂಬಿದವು. ತುಂಬಿ, ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟುಬಂದವು.

ಯುರೋಪಿನ ಎನ್ವಿಸ್ಯಾಟ್ ನೋಡಿ. 2002ರಲ್ಲಿ ಹಾರಿದ, ಬಸ್ಸಿನಷ್ಟು ದೊಡ್ಡ, ಎಂಟು ಟನ್ ತೂಕದ ಉಪಗ್ರಹ. ಭೂಮಿಯನ್ನು ಅಧ್ಯಯನ ಮಾಡಲು ಬಹಳ ಒಳ್ಳೆಯ ಕೆಲಸ ಮಾಡಿತು. 2012ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿತು. ಎಷ್ಟು ಕರೆದರೂ ಓಗೊಡಲಿಲ್ಲ. ಈಗ ಅದು ಸುಮಾರು 770 ಕಿ.ಮೀ. ಎತ್ತರದಲ್ಲಿ ಉರುಳಾಡಿಕೊಂಡು ಸುತ್ತುತ್ತಿದೆ. ಎದುರಿಗೆ ಏನು ಬಂದರೂ ಸರಿದುಕೊಳ್ಳಲು ಅದರಿಂದ ಆಗದು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲೇ ಇರುತ್ತದೆ.

ಎದುರಿಗೆ ಬಂದರೆ ಏನಾಗುತ್ತದೆ ಅಂತ 2009ರ ಫೆಬ್ರುವರಿ 10ರಂದು ಗೊತ್ತಾಯಿತು. ಸೈಬೀರಿಯಾದ ಮೇಲೆ, 789 ಕಿ.ಮೀ. ಎತ್ತರದಲ್ಲಿ, ಎರಡು ಇಡೀ ಉಪಗ್ರಹಗಳು ಡಿಕ್ಕಿ ಹೊಡೆದವು. ಒಂದು ಇರಿಡಿಯಂ 33, ಫೋನ್ ಸಂಪರ್ಕಕ್ಕೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಅಮೆರಿಕದ ಉಪಗ್ರಹ. ಇನ್ನೊಂದು ಕಾಸ್ಮೋಸ್ 2251, ಎಷ್ಟೋ ವರ್ಷದ ಹಿಂದೆ ಸತ್ತುಹೋಗಿದ್ದ ರಷ್ಯಾದ ಉಪಗ್ರಹ. ಆ ದಿನದ ಒಂದು ಲೆಕ್ಕಾಚಾರ ಇವೆರಡೂ ಅರ್ಧ ಕಿ.ಮೀ.ಗಿಂತ ಜಾಸ್ತಿ ದೂರದಲ್ಲಿ ಹಾದುಹೋಗುತ್ತವೆ ಅಂತ ತೋರಿಸಿತ್ತು. ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ಸರ್ಕಲ್ಲಿನಲ್ಲಿ ಅಡ್ಡ ಬಂದ ಗಾಡಿಗಳ ಹಾಗೆ ಎರಡೂ ಸೆಕೆಂಡಿಗೆ 11 ಕಿ.ಮೀ.ಗೂ ಮೀರಿದ ವೇಗದಲ್ಲಿ ಗುದ್ದಿಕೊಂಡವು. ಎಣಿಸಲು ಸಿಗುವಷ್ಟು ದೊಡ್ಡ ಚೂರುಗಳೇ ಎರಡು ಸಾವಿರಕ್ಕೂ ಜಾಸ್ತಿ ಆದವು. ಅವುಗಳಲ್ಲಿ ಎಷ್ಟೋ ಇನ್ನೂ ಮೇಲೇ ಇವೆ.

ವೇಗದ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಒಂಬತ್ತನೇ ತರಗತಿಗೆ ಸರಿಯಾಗುತ್ತದೆ. ಒಂದು ಗ್ರಾಂ ತೂಕದ ಚೂರು ಅಂದುಕೊಳ್ಳಿ. ರೂಪಾಯಿ ನಾಣ್ಯದ ಮೂರರಲ್ಲಿ ಒಂದು ಪಾಲಿನಷ್ಟು. ಅದು ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಗುದ್ದಿದರೆ ಅದರ ಚಲನ ಶಕ್ತಿ 50,000 ಜೂಲ್. ಈಗ ಒಂದು ಟನ್ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಬರುತ್ತಿದೆ ಅಂದುಕೊಂಡು ಲೆಕ್ಕ ಹಾಕಿಸಿ. ಅಲ್ಲೂ 50,000 ಜೂಲ್! ಇಡೀ ಕಾರಿನ ಪೆಟ್ಟು ಬಟಾಣಿ ಕಾಳಿನಷ್ಟು ಜಾಗಕ್ಕೆ ಬೀಳುತ್ತದೆ. ಆ ವೇಗದಲ್ಲಿ ಬೆಂಗಳೂರಿಂದ ಮೈಸೂರಿಗೆ ಹದಿನೈದು ಸೆಕೆಂಡು ಸಾಕು.

1983ರಲ್ಲಿ ಚಾಲೆಂಜರ್ ಅನ್ನುವ ಅಮೆರಿಕದ ಬಾಹ್ಯಾಕಾಶ ನೌಕೆಯ ಕಿಟಕಿ ಗಾಜಿಗೆ ಒಂದು ಸಣ್ಣ ಗುಂಡಿ ಬಿತ್ತು. ಗಾಜನ್ನೇ ಬದಲಾಯಿಸಬೇಕಾಯಿತು. ತಾಕಿದ್ದು ಏನು ಗೊತ್ತಾ? ಪೇಂಟಿನ ಚಕ್ಕೆ. ಒಂದು ಮಿಲಿಮೀಟರಿನ ಐದರಲ್ಲಿ ಒಂದು ಭಾಗದಷ್ಟು. 2025ರ ನವೆಂಬರಿನಲ್ಲಿ ಚೀನಾದ ಶೆಂಝೌ 20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು. ಕಸದ ಚೂರು ತಾಕಿರಬೇಕು ಅಂತ ಅಲ್ಲಿನವರು ಹೇಳಿದರು. ಅದರಲ್ಲಿ ವಾಪಸ್ ಬರಬೇಕಿದ್ದ ಮೂವರು ಕೆಲವು ದಿನ ಕಾದು, ಬೇರೆ ನೌಕೆಯಲ್ಲಿ ಕೆಳಗಿಳಿಯಬೇಕಾಯಿತು. ಅವರ ಮನೆಯವರಿಗೆ ಆ ದಿನಗಳು ಹೇಗೆ ಕಳೆದಿರಬೇಡ.

ಎಷ್ಟಿದೆ ಕಸ? ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜು ಹೀಗಿದೆ. ಒಂದು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳು 12 ಲಕ್ಷಕ್ಕೂ ಜಾಸ್ತಿ. ಒಂದು ಮಿಲಿಮೀಟರಿನಿಂದ ಒಂದು ಸೆಂಟಿಮೀಟರಿನವು 13 ಕೋಟಿಗೂ ಜಾಸ್ತಿ. ರೇಡಾರಿನಲ್ಲಿ ಹಿಡಿದು ದಾರಿ ಗುರುತಿಟ್ಟುಕೊಂಡಿರುವುದು ಇವುಗಳಲ್ಲಿ ಹತ್ತಾರು ಸಾವಿರ ಮಾತ್ರ, ಹೆಚ್ಚಾಗಿ ಹತ್ತು ಸೆಂಟಿಮೀಟರಿಗಿಂತ ದೊಡ್ಡವು. ನಡುವಿನ ಗಾತ್ರದವು ಬಲು ಅಪಾಯ. ಕಣ್ಣಿಗೆ ಬೀಳುವುದಿಲ್ಲ, ತಾಕಿದರೆ ಉಪಗ್ರಹ ಉಳಿಯುವುದಿಲ್ಲ.

ಈಗ ಆಯಸ್ಕಾಂತದ ಹುಡುಗಿಗೆ ಉತ್ತರ. ಉಪಗ್ರಹ ಹಗುರ ಇರಬೇಕು. ಅದಕ್ಕೆ ಕಬ್ಬಿಣ ಬಳಸುವುದು ತೀರಾ ಕಡಿಮೆ. ಅಲ್ಯುಮಿನಿಯಂ, ಟೈಟಾನಿಯಂ, ಕಾರ್ಬನ್ ನಾರು, ಗಾಜು, ಪ್ಲಾಸ್ಟಿಕ್ ಹಾಳೆ, ಪೇಂಟು ಇವೇ ಜಾಸ್ತಿ. ಯಾವುದೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಡುಗೆಮನೆಯ ಅಲ್ಯುಮಿನಿಯಂ ಪಾತ್ರೆಗೆ ಆಯಸ್ಕಾಂತ ಹಿಡಿದು ನೋಡಲು ಹೇಳಿ, ತಾನೇ ಗೊತ್ತಾಗುತ್ತದೆ. ಕಬ್ಬಿಣವೇ ಆಗಿದ್ದರೂ ಪ್ರಯೋಜನ ಇರಲಿಲ್ಲ. ಆಯಸ್ಕಾಂತದ ಸೆಳೆತ ಕೆಲವು ಅಡಿ ದಾಟಿದರೆ ಮುಗಿಯಿತು. ಚೂರುಗಳ ನಡುವಿನ ದೂರ ನೂರಾರು ಕಿಲೋಮೀಟರ್.

ಬಲೆಯ ಹುಡುಗನ ಯೋಚನೆ ಅಷ್ಟು ದೂರದ್ದಲ್ಲ. 2018ರಲ್ಲಿ ಯುರೋಪಿನ ಒಂದು ಪ್ರಯೋಗದಲ್ಲಿ ನಿಜವಾಗಿಯೂ ಬಲೆ ಬೀಸಿ, ತಾವೇ ಬಿಟ್ಟ ಒಂದು ಸಣ್ಣ ಪೆಟ್ಟಿಗೆಯನ್ನು ಹಿಡಿದರು. ಆದರೆ ಕೆರೆಗೆ ಬಲೆ ಬೀಸಿದ ಹಾಗೆ ಒಂದೇ ಸಲ ಹತ್ತಾರು ಹಿಡಿಯಲು ಇಲ್ಲಿ ಆಗದು. ಒಂದೊಂದು ಚೂರಿನ ದಾರಿಯೂ ಬೇರೆ, ಓರೆಯೂ ಬೇರೆ. ಸುಮ್ನೆ ಬಲೆ ಹರಡಿಕೊಂಡು ನಿಂತರೆ ಬರುವ ಚೂರು ಬಲೆಯನ್ನೇ ಚಿಂದಿ ಮಾಡಿ ಇನ್ನಷ್ಟು ಕಸ ಎಬ್ಬಿಸುತ್ತದೆ. ಹಿಡಿಯಬೇಕು ಅಂದರೆ ಅದರದೇ ದಾರಿಗೆ ಬಂದು, ಅದರದೇ ವೇಗದಲ್ಲಿ, ಅದರ ಪಕ್ಕದಲ್ಲೇ ಓಡಬೇಕು. ಒಂದನ್ನು ಮುಗಿಸಿ ಬೇರೆ ಓರೆಯಲ್ಲಿರುವ ಇನ್ನೊಂದಕ್ಕೆ ಹೋಗೋಣ ಅಂದರೆ ಇಂಧನ ಎಲ್ಲಿಂದ ತರುವುದು? ಕಕ್ಷೆಯ ದಿಕ್ಕನ್ನು 60 ಡಿಗ್ರಿ ತಿರುಗಿಸಬೇಕಾದರೆ, ಆ ಕಕ್ಷೆಯಲ್ಲಿ ಎಷ್ಟು ವೇಗ ಇದೆಯೋ ಅಷ್ಟನ್ನೂ ಹೊಸದಾಗಿ ಕೊಡಬೇಕು. ಹೆಚ್ಚುಕಡಿಮೆ ಮತ್ತೊಂದು ರಾಕೆಟ್ ಉಡಾಯಿಸಿದಷ್ಟೇ ಆಯಿತು.

ಹಾಗಂತ ಕೈಕಟ್ಟಿ ಕೂತಿಲ್ಲ. 2024ರಲ್ಲಿ ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ಉಪಗ್ರಹ, 2009ರಿಂದ ಸುತ್ತುತ್ತಿದ್ದ ಮೂರು ಟನ್ನಿನ ರಾಕೆಟ್ ತುಂಡಿನಿಂದ ಕೇವಲ 15 ಮೀಟರ್ ದೂರಕ್ಕೆ ಹೋಗಿ ಫೋಟೋ ತೆಗೆಯಿತು. 2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಪ್ರಯೋಗದಲ್ಲಿ ಎರಡು ಉಪಗ್ರಹಗಳು ಮೇಲೆಯೇ ಒಂದಕ್ಕೊಂದು ಜೋಡಿಕೊಂಡವು. ಅದರ ಉದ್ದೇಶ ಬೇರೆ. ಆದರೂ ಮೆಲ್ಲಗೆ ಹತ್ತಿರ ಹೋಗಿ ಹಿಡಿಯುವ ಆ ವಿದ್ಯೆಯೇ ನಾಳೆ ಕಸ ಹಿಡಿಯಲೂ ಬೇಕು. ಸತ್ತ ವಸ್ತು ಉರುಳಾಡುತ್ತಿರುತ್ತದೆ, ಹಿಡಿ ಇರುವುದಿಲ್ಲ, ಸಹಕಾರ ಕೊಡುವುದಿಲ್ಲ. ಅಷ್ಟು ಮಾತ್ರ ಅಲ್ಲ, ಅನುಮತಿಯೂ ಬೇಕು. ಕಳಿಸಿದ ದೇಶಕ್ಕೇ ಅದರ ಮೇಲೆ ಹಕ್ಕು, ಸತ್ತು ಎಷ್ಟು ವರ್ಷ ಆಗಿದ್ದರೂ ಸರಿ. ರಷ್ಯಾದ ಹಳೇ ರಾಕೆಟ್ಟನ್ನು ನಾವು ಹೋಗಿ ಎಳೆದು ತರುವ ಹಾಗಿಲ್ಲ.

ಹಾಗಾದರೆ ಮಾಡುವುದೇನು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಗ್ಗದ, ಖಾತ್ರಿಯ ಕೆಲಸ ಒಂದೇ. ಉಪಗ್ರಹ ಇನ್ನೂ ಮಾತು ಕೇಳುತ್ತಿರುವಾಗಲೇ, ಇಂಧನ ಉಳಿದಿರುವಾಗಲೇ ಅದನ್ನು ಇಳಿಸಿಬಿಡುವುದು. ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಅದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಮೇಘಾ-ಟ್ರಾಪಿಕ್ಸ್ ಅಂತ ಒಂದು ಉಪಗ್ರಹ. ಭಾರತ, ಫ್ರಾನ್ಸ್ ಸೇರಿ ಮಾಡಿದ್ದು. 2011ರ ಅಕ್ಟೋಬರ್ 12ರಂದು ಹಾರಿತು. ಉಷ್ಣವಲಯದ ಮೋಡ, ಮಳೆ, ಆವಿ ಅಳೆಯುವುದು ಅದರ ಕೆಲಸ. ಸಮಭಾಜಕದಿಂದ 20 ಡಿಗ್ರಿ ಒಳಗೇ ಸುತ್ತುತ್ತಿದ್ದ ಅದು ನಮ್ಮ ಕರ್ನಾಟಕದ ಮೇಲೂ ಎಷ್ಟೋ ಸಲ ಹಾದುಹೋಗಿದೆ. ಮೂರು ವರ್ಷಕ್ಕೆ ಅಂತ ಕಳಿಸಿದ್ದು, 2021ರ ತನಕ ಮಾಹಿತಿ ಕೊಟ್ಟಿತು. ಎತ್ತರ ಸುಮಾರು 867 ಕಿ.ಮೀ., ಅಂದರೆ ಪೊರಕೆ ಇಲ್ಲದ ಜಾಗ. ಒಂದು ಟನ್ ತೂಕ. ಸುಮ್ನೆ ಬಿಟ್ಟಿದ್ದರೆ ನೂರು ವರ್ಷಕ್ಕೂ ಮೇಲೆ ಅಲ್ಲೇ ಇರುತ್ತಿತ್ತು. ತೊಟ್ಟಿಯಲ್ಲಿ 125 ಕೆ.ಜಿ. ಇಂಧನ ಉಳಿದಿತ್ತು. ಆ ಇಂಧನವೂ ಒಂದು ಅಪಾಯವೇ, ಯಾವಾಗಲೋ ಸಿಡಿಯಬಹುದು.

ಹೀಗೆ ಗುರಿಯಿಟ್ಟು ಕೆಳಗಿಳಿಸುವ ಯೋಚನೆ ಅದನ್ನು ಕಟ್ಟುವಾಗ ಇರಲಿಲ್ಲ. ಆದರೂ ಇಸ್ರೋದವರು ಇಳಿಸಲು ಹೊರಟರು. 2022ರ ಆಗಸ್ಟಿನಿಂದ ಇಪ್ಪತ್ತು ಸಲ ಎಂಜಿನ್ ಉರಿಸಿ ಅದರ ದಾರಿಯನ್ನು ಮೆಲ್ಲಗೆ ತಗ್ಗಿಸಿದರು. ಆ ಎಂಜಿನ್ನುಗಳು ಎಷ್ಟು ಸಣ್ಣವು ಅಂದರೆ, ಒಂದೊಂದರ ತಳ್ಳು 11 ನ್ಯೂಟನ್. ಕೈಯಲ್ಲಿ ಒಂದು ಕೆ.ಜಿ. ಸಕ್ಕರೆ ಪೊಟ್ಟಣ ಹಿಡಿದರೆ ಎಷ್ಟು ಭಾರ ಅನಿಸುತ್ತದೋ ಹತ್ತಿರ ಹತ್ತಿರ ಅಷ್ಟೇ. ಅಂಥ ನಾಲ್ಕು ಎಂಜಿನ್ ಒಂದು ಟನ್ನಿನ ಉಪಗ್ರಹವನ್ನು ಇಳಿಸಬೇಕು. 2023ರ ಮಾರ್ಚ್ 7ರ ಸಂಜೆ ಕೊನೆಯ ಎರಡು ಉರಿಗಳು, ಒಂದೊಂದೂ ಇಪ್ಪತ್ತು ನಿಮಿಷ. ಬೆಂಗಳೂರಿನಿಂದ ಆದೇಶ ಹೋಗುತ್ತಿತ್ತು. ಕಕ್ಷೆಯ ಕೆಳತುದಿ 80 ಕಿ.ಮೀ.ಗಿಂತ ಕೆಳಕ್ಕೆ ಬಂತು. ಜನ ಇಲ್ಲದ ಪೆಸಿಫಿಕ್ ಸಾಗರದ ಮೇಲೆ, ಅಂದುಕೊಂಡ ಜಾಗದಲ್ಲೇ, ಗಾಳಿಗೆ ಸಿಕ್ಕಿ ಅದು ಒಡೆದು ಉರಿಯಿತು. ನೂರು ವರ್ಷದ ಕಸ ಏಳು ತಿಂಗಳಲ್ಲಿ ಹೋಯಿತು.

ಎಲ್ಲರೂ ಯಾಕೆ ಹೀಗೆ ಮಾಡುವುದಿಲ್ಲ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಇಂಧನ ಅಂದರೆ ಉಪಗ್ರಹದ ಆಯಸ್ಸು. ಇಳಿಸಲು ಅಂತ ಎತ್ತಿಟ್ಟ ಇಂಧನ, ದುಡಿಸಿಕೊಳ್ಳದೆ ಬಿಟ್ಟ ದಿನಗಳು. ಇನ್ನಾರು ತಿಂಗಳು ನಡೆಯಲಿ, ಇನ್ನೊಂದು ವರ್ಷ ನಡೆಯಲಿ ಅಂತ ತಳ್ಳುತ್ತಾ ಹೋದರೆ ಒಂದು ದಿನ ಎನ್ವಿಸ್ಯಾಟ್ ಹಾಗೆ ಮಾತೇ ನಿಲ್ಲುತ್ತದೆ. ಕೆಲಸ ಮುಗಿದ 25 ವರ್ಷದೊಳಗೆ ಇಳಿಸಬೇಕು ಅನ್ನುವ ಸೂಚನೆ ಬಹಳ ಕಾಲದಿಂದ ಇದೆ. 25 ವರ್ಷ ಬಹಳ ಜಾಸ್ತಿ ಆಯಿತು ಅಂತ ನನಗೆ ಮೊದಲಿನಿಂದಲೂ ಅನಿಸಿದೆ. ಅಮೆರಿಕದ ಸಂಪರ್ಕ ಆಯೋಗ 2022ರಲ್ಲಿ ತನ್ನ ಕೈಕೆಳಗಿನ ಕಂಪನಿಗಳಿಗೆ ಅದನ್ನು 5 ವರ್ಷಕ್ಕೆ ಇಳಿಸಿತು. ಒಳ್ಳೆಯದಾಯಿತು. ಇಸ್ರೋ ಕೂಡ 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ, 2030ರ ಹೊತ್ತಿಗೆ ನಮ್ಮ ಯಾವ ಯೋಜನೆಯೂ ಕಸ ಬಿಡಬಾರದು ಅನ್ನುವ ಗುರಿ ಸಾರಿತು. ಸರ್ಕಾರಿ ಸಂಸ್ಥೆಗಳಿಗೆ ಮಾತ್ರವಲ್ಲ, ಖಾಸಗಿಯವರಿಗೂ ಸೇರಿಸಿ.

ನಮ್ಮ ತಪ್ಪುಗಳನ್ನೂ ಮಕ್ಕಳಿಗೆ ಹೇಳಬೇಕು. 2001ರ ಅಕ್ಟೋಬರಿನಲ್ಲಿ ಹಾರಿದ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಭಾಗವಾದ ನಾಲ್ಕನೇ ಹಂತ ಡಿಸೆಂಬರಿನಲ್ಲಿ ಮೇಲೆಯೇ ಸಿಡಿಯಿತು. ಮುನ್ನೂರಕ್ಕೂ ಜಾಸ್ತಿ ಚೂರಾಯಿತು. ಆ ಮೇಲಿನ ರಾಕೆಟ್‌ಗಳಲ್ಲಿ ಕೆಲಸ ಮುಗಿದ ಕೂಡಲೇ ಉಳಿದ ಇಂಧನವನ್ನು ಹೊರಗೆ ಬಿಟ್ಟು ತೊಟ್ಟಿ ಖಾಲಿ ಮಾಡುವ ಪದ್ಧತಿ ಬಂತು. ಅದೇ ನಾಲ್ಕನೇ ಹಂತವನ್ನು ಈಗ ಪೋಯೆಮ್ ಅನ್ನುವ ಹೆಸರಲ್ಲಿ ಪ್ರಯೋಗಗಳಿಗೆ ಬಳಸುತ್ತಾರೆ. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಹಂತವನ್ನು 650ರಿಂದ 350 ಕಿ.ಮೀ.ಗೆ ಇಳಿಸಿ, ಪ್ರಯೋಗ ಮುಗಿಸಿದರು. ಮಾರ್ಚ್ 21ಕ್ಕೆ ಅದು ಪೆಸಿಫಿಕ್ ಮೇಲೆ ಉರಿದು ಹೋಯಿತು.

ಇನ್ನೊಂದು, ಬೇಕೆಂದೇ ಒಡೆಯುವುದು. 2007ರ ಜನವರಿಯಲ್ಲಿ ಚೀನಾ ತನ್ನದೇ ಹಳೇ ಹವಾಮಾನ ಉಪಗ್ರಹಕ್ಕೆ ಕ್ಷಿಪಣಿ ಹೊಡೆಯಿತು. 850 ಕಿ.ಮೀ.ಗಿಂತ ಮೇಲೆ. ಮೂರು ಸಾವಿರಕ್ಕೂ ಜಾಸ್ತಿ ದೊಡ್ಡ ಚೂರು. 2021ರ ನವೆಂಬರಿನಲ್ಲಿ ರಷ್ಯಾ ಅದನ್ನೇ ಮಾಡಿತು. ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರು, ಅವರಲ್ಲಿ ರಷ್ಯಾದವರೂ ಇದ್ದರು, ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು. 2019ರ ಮಾರ್ಚ್ 27ರಂದು ನಾವೂ ಮಾಡಿದೆವು. ಕಸ ಬೇಗ ಇಳಿಯಲಿ ಅಂತ 300 ಕಿ.ಮೀ. ಒಳಗಿನ ಎತ್ತರ ಆರಿಸಿಕೊಂಡದ್ದು ನಿಜ, ಬಹಳಷ್ಟು ಬೇಗ ಇಳಿದದ್ದೂ ನಿಜ. ಆದರೆ ಕೆಲವು ಚೂರು ಮೇಲಕ್ಕೆ ಚಿಮ್ಮಿದವು. ಅವು ಪೂರ್ತಿ ಇಳಿಯಲು ವರ್ಷಗಳೇ ಬೇಕಾದವು. ಯಾವ ದೇಶ ಮಾಡಿದರೂ ಇದು ಬೇಡದ ಕೆಲಸ ಅನ್ನುವುದು ನನ್ನ ಅಭಿಪ್ರಾಯ, ನಮ್ಮ ದೇಶವನ್ನೂ ಸೇರಿಸಿ.

ದಿನನಿತ್ಯದ ಕಾವಲು ಬೆಂಗಳೂರಿನ ಪೀಣ್ಯದಲ್ಲಿ ನಡೆಯುತ್ತದೆ. ಅಲ್ಲಿ 2022ರಿಂದ ಇಸ್ರೋದ ಒಂದು ಕೇಂದ್ರ ಇದೇ ಕೆಲಸಕ್ಕಿದೆ. ನಮ್ಮ ಉಪಗ್ರಹಗಳ ದಾರಿಗೆ ಯಾವುದು ಅಡ್ಡ ಬರುತ್ತದೆ ಅಂತ ನೋಡಿ, ಬೇಕಾದರೆ ಸರಿಸುತ್ತಾರೆ. ಉಡಾವಣೆಗೆ ಮುಂಚೆಯೂ ಲೆಕ್ಕ ಹಾಕುತ್ತಾರೆ. ಚಂದ್ರಯಾನ 3 ಹಾರಿದ ದಿನ ನಿಮ್ಮ ಶಾಲೆಯಲ್ಲೂ ಟಿವಿ ಮುಂದೆ ಕೂತಿದ್ದಿರಬಹುದು. ಅವತ್ತು ರಾಕೆಟ್ 4 ಸೆಕೆಂಡು ತಡವಾಗಿ ಎದ್ದಿತು. ಮೊದಲಿನ ಸಮಯಕ್ಕೇ ಹೋಗಿದ್ದರೆ ದಾರಿಯಲ್ಲಿ ಬೇರೆ ವಸ್ತುವಿನ ತೀರಾ ಹತ್ತಿರಕ್ಕೆ ಹೋಗುವ ಅಪಾಯ ಇತ್ತು.

ಕೊನೆಗೆ ಒಂದು ಮನೆಪಾಠ. ಮೋಡ ಇಲ್ಲದ ಸಂಜೆ, ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಆದ ಮೇಲೆ, ಮಕ್ಕಳನ್ನು ಬೀದಿದೀಪ ಇಲ್ಲದ ಬಯಲಿಗೆ ಕರೆದುಕೊಂಡು ಹೋಗಿ. ದುರ್ಬೀನು ಬೇಡ. ಕೆಂಪು, ಹಸಿರು ದೀಪ ಮಿನುಗಿಸುತ್ತಾ ಹೋಗುವುದು ವಿಮಾನ, ಅದನ್ನು ಬಿಡಿ. ನಕ್ಷತ್ರದ ಹಾಗಿದ್ದು, ಒಂದೇ ಸಮನೆ ಬೆಳಗುತ್ತಾ ನಿಧಾನಕ್ಕೆ ಸಾಗುವ ಚುಕ್ಕಿ ಬಹುಮಟ್ಟಿಗೆ ಕೆಲಸದಲ್ಲಿರುವ ಉಪಗ್ರಹ. ಕೆಲವು ಚುಕ್ಕಿಗಳು ಮಾತ್ರ ಜೋರಾಗಿ ಬೆಳಗಿ, ಮಂಕಾಗಿ, ಮತ್ತೆ ಬೆಳಗಿ, ಮತ್ತೆ ಮಂಕಾಗುತ್ತಾ ಹೋಗುತ್ತವೆ. ಅದು ಹೆಚ್ಚಾಗಿ ಸತ್ತ ರಾಕೆಟ್ ಹಂತ. ಉರುಳಾಡುವಾಗ ಅದರ ಉದ್ದನೆಯ ಮೈ ಬಿಸಿಲಿಗೆ ತಿರುಗಿದಾಗ ಹೊಳೆಯುತ್ತದೆ, ತುದಿ ತಿರುಗಿದಾಗ ಮಂಕಾಗುತ್ತದೆ. ಒಂದು ಹೊಳಪಿನಿಂದ ಮುಂದಿನ ಹೊಳಪಿಗೆ ಎಷ್ಟು ಸೆಕೆಂಡು ಅಂತ ಆ ಮೂವರು ಮಕ್ಕಳಿಂದಲೇ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆಸಿ. ಬರೆದದ್ದನ್ನು ನನಗೂ ಕಳಿಸಿ, ನೋಡಬೇಕು ಅನಿಸುತ್ತಿದೆ.